ಬೇಲಿ ಪೆಟ್ಟಿಗೆಯ ನಂಬ್ರ

ಪೆಟ್ಟಿಗೆಗಳು ಆರು ಇದ್ದವು. ಇಷ್ಟು ಖಚಿತ. ಅವು ಹಲಗೆಯ ಮೇಲಿದ್ದವೋ ನೆಲದ ಮೇಲೋ, ಅವತ್ತು ಬುಧವಾರವೋ ಗುರುವಾರವೋ, ನನಗೆ ಚಹಾ ಕೊಟ್ಟದ್ದು ತಪಾಸಣೆಗೆ ಮೊದಲೋ ಆಮೇಲೋ, ಇದನ್ನೆಲ್ಲ ಕೇಳಿದರೆ ನಾನು ತಡವರಿಸದೆ ಹೇಳುತ್ತೇನೆ. ಆದರೆ ತಡವರಿಸದೆ ಹೇಳುವುದಕ್ಕೂ ಅದು ನಿಜವಾಗಿರುವುದಕ್ಕೂ ಸಂಬಂಧವಿಲ್ಲ ಎಂದು ಈ ವರ್ಷ ತಿಳಿಯಿತು.

ನಾನು ಪುತ್ತೂರಿನವನು. ಇತಿಹಾಸದಲ್ಲಿ ಎಂ.ಎ. ಮಾಡಿ, ಸಂಶೋಧನೆ ಎಂದು ಎರಡು ವರ್ಷ ಅಲೆದು, ಅದನ್ನು ಅರ್ಧಕ್ಕೆ ಬಿಟ್ಟು, ಪರೀಕ್ಷೆ ಬರೆದು ಬೆಂಗಳೂರಿನಲ್ಲಿ ಸರ್ಕಾರದ ಒಂದು ಇಲಾಖೆಗೆ ಸೇರಿದೆ. ಒಂದು ಶಾಖೆಯಲ್ಲಿ ಮೂರು ವರ್ಷ ಕೂತರೆ ನನಗೆ ಉಸಿರು ಕಟ್ಟುತ್ತದೆ. ಅರ್ಜಿ ಹಾಕಿ ಬೇರೆ ಕಡೆ ಹೋಗುತ್ತೇನೆ. ಹೀಗೆ ಸುತ್ತಿ ಸುತ್ತಿ ಈಗ ಮತ್ತೆ ಮೊದಲು ಸೇರಿದ ಶಾಖೆಯಲ್ಲೇ ಇದ್ದೇನೆ. ಸರ್ಕಾರವೇ ಮಾಲೀಕನಾಗಿರುವ ಕೆಲವು ಸಣ್ಣ ಕಂಪನಿಗಳು ನಮ್ಮ ಇಲಾಖೆಯ ಕೆಳಗಿವೆ. ಅವುಗಳ ಮೇಲೆ ಕಣ್ಣಿಡುವುದು ಈ ಶಾಖೆಯ ಕೆಲಸ. ಕಣ್ಣಿಡುವುದು ಎಂದರೆ ಬಹುಮಟ್ಟಿಗೆ ನಮೂನೆಗಳನ್ನು ಕಳಿಸಿ, ತುಂಬಿಸಿಕೊಂಡು, ಕಡತಕ್ಕೆ ಹಾಕುವುದು.

ಈ ವರ್ಷ ನಮ್ಮ ಮೇಲಧಿಕಾರಿ, ಹೆಂಗಸು, ಮಾತು ಕಡಿಮೆ, ನನ್ನನ್ನು ಕರೆದು ಒಂದು ಟಿಪ್ಪಣಿ ಬರೆಯಲು ಹೇಳಿದರು. ಇಲಾಖೆ ತನ್ನ ಕಂಪನಿಗಳನ್ನು ನೋಡಿಕೊಳ್ಳುವ ರೀತಿಯನ್ನು ಸುಧಾರಿಸುವುದು ಹೇಗೆ, ಇದು ವಿಷಯ. ನಾನು ಮೂರು ದಿನದಲ್ಲಿ ಬರೆದುಕೊಟ್ಟೆ. ಈ ವಿಷಯದಲ್ಲಿ ನನಗೆ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ಕಂಪನಿಯ ಆಡಳಿತ ಮಂಡಳಿಗೆ ಇಲಾಖೆಯಿಂದ ಹೋಗುವ ಸದಸ್ಯ, ಅಲ್ಲಿನವರಿಗೆ ಅವನ ಮುಖ ಗುರುತಾಗುವಷ್ಟರಲ್ಲಿ ವರ್ಗವಾಗಿರುತ್ತಾನೆ. ಕಂಪನಿ ಯಾಕೆ ಇದೆ, ಮುಂದೆ ಏನು ಮಾಡಬೇಕು ಎಂದು ಇಲಾಖೆ ಕೇಳುವುದಿಲ್ಲ. ಒಂದು ಕೇಂದ್ರದಲ್ಲಿ ಎಷ್ಟು ಕುರ್ಚಿ ಇವೆ ಎಂದು ವರ್ಷಕ್ಕೆ ನಾಲ್ಕು ಸಲ ಕೇಳುತ್ತದೆ. ದೊಡ್ಡದರಲ್ಲಿ ದೂರ, ಸಣ್ಣದರಲ್ಲಿ ತೀರ ಹತ್ತಿರ. ಇದಕ್ಕೆ ಉದಾಹರಣೆಯಾಗಿ ಗುತ್ತಿಗಾರು ಕಡೆಯ ಒಂದು ಸೇವಾ ಕೇಂದ್ರದಲ್ಲಿ ನಡೆದದ್ದನ್ನು ಬರೆದೆ. ಹತ್ತು ಹನ್ನೆರಡು ವರ್ಷ ಹಿಂದಿನ ಸಂಗತಿ. ಆಫೀಸಿನ ಕ್ಯಾಂಟೀನಿನಲ್ಲಿ ಅದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮೇಲಧಿಕಾರಿ ಓದಿ, ಉದಾಹರಣೆಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದರು.

"ಇದರ ವರದಿ ಇರಬೇಕಲ್ಲ? ಲಗತ್ತಿಸಿ. ದಾಖಲೆ ಇಲ್ಲದಿದ್ದರೆ ಇದು ಕಥೆ."

ಹಳೆಯ ಕಡತ ತರಿಸಲು ಎರಡು ವಾರ ಹಿಡಿಯಿತು. ಅದು ಬರುವವರೆಗೆ ನನಗೆ ನೆನಪಿದ್ದದ್ದು ಹೀಗೆ.

ಕಂಪನಿ ರೈತರಿಗೆ ಸೋಲಾರ್ ಬೇಲಿ ಹಾಕಿಕೊಡುತ್ತಿತ್ತು. ಕೆಟ್ಟರೆ ರಿಪೇರಿಯೂ ಅದರದ್ದೇ. ಗುತ್ತಿಗಾರು, ಕೊಲ್ಲಮೊಗ್ರು ಕಡೆ ಕಾಡಿನ ಅಂಚಿನ ಜಾಗಗಳಿಗೆ ಆನೆ ಬರುತ್ತದೆ. ಬೇಲಿಯ ತಂತಿಯಲ್ಲಿ ಬಿಟ್ಟು ಬಿಟ್ಟು ಕರೆಂಟು ಹೊಡೆಯುವಂತೆ ಮಾಡುವುದು ಒಂದು ಪೆಟ್ಟಿಗೆ. ಕಾಗದದಲ್ಲಿ ಅದಕ್ಕೆ ಉದ್ದದ ಹೆಸರುಂಟು, ಅಲ್ಲಿನವರು ಬೇಲಿ ಪೆಟ್ಟಿಗೆ ಎನ್ನುತ್ತಾರೆ. ಈ ಪೆಟ್ಟಿಗೆಗೆ ಆನೆಗಿಂತ ದೊಡ್ಡ ಶತ್ರು ಸಿಡಿಲು. ಮಳೆಗಾಲ ಮುಗಿಯುವ ತಿಂಗಳಲ್ಲಿ ಒಂದು ಸಂಜೆ ಗುಡುಗಿದರೆ ಒಂದೇ ಗ್ರಾಮದ ನಾಲ್ಕೈದು ಪೆಟ್ಟಿಗೆಗಳು ಒಟ್ಟಿಗೆ ಸಾಯುತ್ತವೆ.

ಕೇಂದ್ರದಲ್ಲಿ ಇದ್ದದ್ದು ಒಬ್ಬರೇ ಮೆಕ್ಯಾನಿಕ್. ಆ ಕಡೆಯವರೇ, ಅರೆಭಾಷೆ ಮಾತಾಡುವ ಗೌಡರ ಮನೆಯವರು. ಪಕ್ಕದ ಕೋಣೆಯಲ್ಲಿ ಬಿಡಿಭಾಗಗಳ ಅಂಗಡಿ, ಬ್ಯಾರಿ ಹಾಜಿಯೊಬ್ಬರದ್ದು. ತಮ್ಮಂದಿರೆಲ್ಲ ಗಲ್ಫಿನಲ್ಲಿ, ಇವರೊಬ್ಬರು ಊರಿನಲ್ಲೇ ಉಳಿದವರು. ನಾನು ಹೋಗುವುದಕ್ಕೆ ಮೊದಲೂ ತಪಾಸಣೆಗಳಾಗಿದ್ದವು. ಪ್ರದರ್ಶನಕ್ಕೆಂದು ಕಂಪನಿ ಕೊಟ್ಟ ಆರು ಹೊಸ ಪೆಟ್ಟಿಗೆಗಳು ಕೇಂದ್ರದಲ್ಲಿರಬೇಕು, ಬಂದವರು ಎಣಿಸುತ್ತಿದ್ದರು, ಆರು ಎಂದು ಬರೆಯುತ್ತಿದ್ದರು. ನಾನು ಒಂದನ್ನು ಎತ್ತಿ ಮಗುಚಿ ಅಡಿಯಲ್ಲಿದ್ದ ನಂಬ್ರ ಓದಿದೆ. ಪಟ್ಟಿಯಲ್ಲಿದ್ದ ನಂಬ್ರ ಅದಲ್ಲ. ಇನ್ನೊಂದು ಮಗುಚಿದೆ. ಆರರಲ್ಲಿ ಐದು ತಾಳೆಯಾಗಲಿಲ್ಲ.

"ಪೆಟ್ಟಿಗೆ ಆರು ಉಂಟಲ್ಲ ಸರ್," ಎಂದರು ಮೆಕ್ಯಾನಿಕ್.

"ಆರು ಉಂಟು. ಆದರೆ ಇದು ಆ ಆರು ಅಲ್ಲ."

ಹಾಜಿಯವರು ಬಾಗಿಲಲ್ಲಿ ನಿಂತಿದ್ದರು. "ಇಷ್ಟು ವರ್ಷ ಬಂದವರು ಎಣಿಸಿ ಹೋದ್ರು. ಇವರು ಮಗುಚಿ ಓದ್ತಾರಲ್ಲ ಮಾರಾಯ್ರೆ."

ಆಗ ಮೆಕ್ಯಾನಿಕ್ ವಿಷಯ ಬಿಡಿಸಿ ಹೇಳಿದರು. ಪೆಟ್ಟಿಗೆ ಸುಟ್ಟರೆ ಒಳಗಿನ ಭಾಗ ಬೆಂಗಳೂರಿನಿಂದ ಬರಬೇಕು. ಅದಕ್ಕೆ ಅರ್ಜಿ, ಅರ್ಜಿಗೆ ಮಂಜೂರಾತಿ, ಮಂಜೂರಾತಿ ಕಂಪನಿಯ ಪುತ್ತೂರಿನ ಆಫೀಸಿನ ಮೂಲಕ. ಒಂದು ತಿಂಗಳೂ ಆಗಬಹುದು, ಎರಡೂ ಆಗಬಹುದು. ಅಷ್ಟು ದಿನ ಬೇಲಿ ಸತ್ತಿದ್ದರೆ ಆನೆಗೆ ಗೊತ್ತಾಗುತ್ತದೆ. ಹಾಗಾಗಿ ಅವರು ಒಂದು ಕ್ರಮ ಮಾಡಿಕೊಂಡಿದ್ದರು. ಸುಟ್ಟ ಪೆಟ್ಟಿಗೆ ಹಿಡಿದು ಯಾರು ಬಂದರೂ ಅದನ್ನು ಇಲ್ಲಿಟ್ಟುಕೊಂಡು, ಕೇಂದ್ರದ ಒಂದು ಒಳ್ಳೆಯ ಪೆಟ್ಟಿಗೆ ಕೊಟ್ಟು ಕಳಿಸುವುದು. ಭಾಗ ಬಂದ ಮೇಲೆ ಸುಟ್ಟದ್ದನ್ನು ರಿಪೇರಿ ಮಾಡಿ, ಬೈಕಿನಲ್ಲಿ ಅವರ ಮನೆಗೆ ಒಯ್ದು, ಕೇಂದ್ರದ್ದನ್ನು ವಾಪಸು ತರುವುದು. ಯಾರ ಮನೆಗೆ ಯಾವ ನಂಬ್ರ ಹೋಗಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹಾಜಿಯವರ ಅಂಗಡಿಯಲ್ಲಿ ಭಾಗ ಸಿಕ್ಕಿದರೆ ಅವರೇ ಕೊಡುತ್ತಿದ್ದರು, ಕಂಪನಿಯ ಭಾಗ ಬಂದಾಗ ಅದು ಹಾಜಿಯವರಿಗೆ. ಎಲ್ಲಿಯೂ ಏನೂ ತಪ್ಪಿಹೋಗುತ್ತಿರಲಿಲ್ಲ. ಎಣಿಸಿದಾಗ ಯಾವಾಗಲೂ ಆರು.

"ಮಂಜೂರಾತಿ ಬರ್ಲಿಲ್ಲ, ಸ್ವಲ್ಪ ನಿಲ್ಲು ಅಂತ ಆನೆಗೆ ಹೇಳ್ಲಿಕ್ಕೆ ಆಗ್ತದಾ ಸರ್?"

ನಾನು ಸುಲಭಕ್ಕೆ ನಂಬುವವನಲ್ಲ. ಒಂದನ್ನಾದರೂ ಕಣ್ಣಾರೆ ನೋಡಬೇಕು ಎಂದೆ. ಅವರ ಬೈಕಿನ ಹಿಂದೆ ಕೂತು ಕೊಲ್ಲಮೊಗ್ರಿಗೆ ಹೋದೆ. ಕಾಡಿನ ಬದಿಯಲ್ಲಿ ಒಂದು ಗದ್ದೆ, ಅದರ ಮೇಲೆ ನೇಂದ್ರ ಬಾಳೆ. ಗೊನೆ ಕಡಿಯಲು ಇನ್ನು ಎರಡು ವಾರ ಬೇಕಿತ್ತು. ಬೇಲಿಯ ಆಚೆ ಲದ್ದಿ ಬಿದ್ದಿತ್ತು, ಹಸಿಯದ್ದು. ಮನೆಯ ಹೆಂಗಸು, ನಡುಪ್ರಾಯದವರು, ಪೆಟ್ಟಿಗೆ ಒಯ್ಯಲು ಬಂದಿದ್ದೇವೆ ಎಂದುಕೊಂಡು ಅದರ ಮುಂದೆ ಅಡ್ಡ ಬಂದು ನಿಂತರು. ನಂಬ್ರ ನೋಡಿಕೊಂಡು ಹೋಗಲು ಬಂದದ್ದು ಎಂದು ಮೆಕ್ಯಾನಿಕ್ ಹೇಳಿದರು.

"ನೋಡುದಾದ್ರೆ ನೋಡಿ. ಮುಟ್ಬೇಡಿ," ಎಂದರು ಅವರು. "ನಿನ್ನೆ ಬಂದು ತಂತಿ ಮೂಸಿ ಹೋಗಿದಾವೆ."

ನಂಬ್ರ ಕೇಂದ್ರದ್ದೇ. ವಾಪಸು ಬರುವಾಗ ಮೆಕ್ಯಾನಿಕ್ ಎಂಟು ದಿನ ಕೇಳಿದರು. ಭಾಗಗಳು ಪುತ್ತೂರಿಗೆ ಬಂದಿವೆಯಂತೆ, ಎಂಟು ದಿನದಲ್ಲಿ ಐದನ್ನೂ ಬದಲಾಯಿಸಿ ಕೇಂದ್ರದ ಪೆಟ್ಟಿಗೆಗಳನ್ನು ಸಾಲಾಗಿ ಇಡುತ್ತೇನೆ, ಆಮೇಲೆ ನೀವು ಏನು ಬೇಕಾದರೂ ಬರೆಯಿರಿ ಎಂದರು. ನಾನು ಆಯಿತು ಎಂದೆ. ಎಂಟು ದಿನ ಕಾದು, ಎಲ್ಲ ಸರಿಯಾದ ಮೇಲೆ, ಸಣ್ಣ ರಿಪೇರಿಗೆ ಕೇಂದ್ರಕ್ಕೇ ಅಧಿಕಾರ ಕೊಡಬೇಕು ಎಂಬ ಸಲಹೆಯೊಂದಿಗೆ ಸೌಮ್ಯವಾದ ಒಂದು ವರದಿ ಬರೆದೆ. ಕ್ಯಾಂಟೀನಿನಲ್ಲಿ ಈ ಜಾಗಕ್ಕೆ ಬಂದಾಗ ನಾನು ಸ್ವಲ್ಪ ನಿಲ್ಲಿಸುತ್ತಿದ್ದೆ. ಕೇಳುವವರು ತಲೆದೂಗುತ್ತಿದ್ದರು.

ಕಡತ ಬಂತು. ನನ್ನ ಕೈಬರಹದಲ್ಲಿ ಒಂದೂವರೆ ಪುಟದ ವರದಿ. ದಿನಾಂಕ, ತಪಾಸಣೆಯಾದ ಮೂರನೆಯ ದಿನದ್ದು.

"ಕೇಂದ್ರದಲ್ಲಿರಬೇಕಾದ ಆರು ಘಟಕಗಳ ಪೈಕಿ ಐದು ಇಲ್ಲ. ಅವುಗಳ ಸ್ಥಾನದಲ್ಲಿ ಕೆಟ್ಟ ಘಟಕಗಳನ್ನು ಇರಿಸಿ ಸಂಖ್ಯೆಯನ್ನು ಸರಿದೂಗಿಸಲಾಗಿದೆ. ಜವಾಬ್ದಾರರ ಮೇಲೆ ಕ್ರಮ ಕೈಗೊಳ್ಳಲು ಕಂಪನಿಗೆ ಸೂಚಿಸಬಹುದು."

ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಸಿಡಿಲಿಲ್ಲ, ಆನೆಯಿಲ್ಲ, ಮಂಜೂರಾತಿಯ ವಿಷಯವಿಲ್ಲ, ಪುಸ್ತಕವಿಲ್ಲ, ಕೊಲ್ಲಮೊಗ್ರು ಇಲ್ಲ. ಎಂಟು ದಿನವೂ ಇಲ್ಲ. ವರದಿಯ ಜೊತೆಯ ನಮೂನೆಯಲ್ಲಿ ಸ್ವತ್ತು ಇದೆಯೇ ಇಲ್ಲವೇ ಎಂಬುದಕ್ಕೆ ಒಂದು ಕಾಲಂ, ಅದರ ಪಕ್ಕದಲ್ಲಿ ಷರಾ ಎಂದು ಒಂದು ಬೆರಳಿನಗಲದ ಜಾಗ. ಅಷ್ಟು ಜಾಗದಲ್ಲಿ ಆನೆ ಹಿಡಿಸುವುದಿಲ್ಲ ಎಂದು ನಾನು ಈಗ ನಮೂನೆಯನ್ನು ದೂರಬಹುದು. ಆದರೆ ವರದಿಯ ಎರಡನೆಯ ಪುಟದ ಅರ್ಧ ಖಾಲಿಯಿತ್ತು.

ನಂತರದ ಹಾಳೆಗಳನ್ನು ತಿರುವಿದೆ. ಇಲಾಖೆ ಕಂಪನಿಗೆ ಬರೆದಿದೆ. ಕಂಪನಿ ಎರಡು ದಿನದೊಳಗೆ ಎಲ್ಲ ಪೆಟ್ಟಿಗೆಗಳನ್ನು ಕೇಂದ್ರಕ್ಕೆ ತರಬೇಕೆಂದು ಮೆಕ್ಯಾನಿಕ್ಕಿಗೆ ಆಜ್ಞೆ ಮಾಡಿದೆ. ಆಮೇಲೆ ಕಂಪನಿಯ ಉತ್ತರ: ನಾಲ್ಕು ಬಂದಿವೆ, ಕೊಲ್ಲಮೊಗ್ರಿನ ಒಂದನ್ನು ತರಲು ಸದರಿ ನೌಕರ ನಿರಾಕರಿಸಿದ್ದಾರೆ, ಅವರನ್ನು ಅಮಾನತು ಮಾಡಿ ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ. ಆ ಪತ್ರದ ಅಂಚಿನಲ್ಲಿ ಇಲಾಖೆಯ ಷರಾ: "ಕ್ರಮ ಕೈಗೊಳ್ಳಲಾಗಿದೆ. ಕಡತ ಮುಕ್ತಾಯಗೊಳಿಸಬಹುದು." ಕೆಳಗೆ ಸಹಿ. ಸಹಿ ನನ್ನದು.

ಈ ಷರಾ ಬರೆದದ್ದು ನನಗೆ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಒಬ್ಬ ಮನುಷ್ಯನ ಅಮಾನತಿನ ಸುದ್ದಿ ಓದಿ, ಅದರ ಮೇಲೆ ಎರಡು ವಾಕ್ಯ ಬರೆದು, ಕಡತ ಕಟ್ಟಿ, ಕ್ಯಾಂಟೀನಿಗೆ ಹೋಗಿ ಎಂಟು ದಿನದ ಕಥೆ ಹೇಳಿರಬೇಕು. ವಿಶ್ವವಿದ್ಯಾನಿಲಯದಲ್ಲಿ ನಮಗೆ ಮೊದಲ ವರ್ಷವೇ ಕಲಿಸಿದ್ದರು: ಸಾಕ್ಷಿ ಹೇಳುವವನಿಗೆ ಆ ಮಾತಿನಿಂದ ಏನು ಲಾಭ ಎಂದು ನೋಡಿ. ನಾನು ಅದನ್ನು ಬೇರೆಯವರಿಗೆ ಅನ್ವಯಿಸಿ ಜೀವನ ಕಳೆದಿದ್ದೇನೆ.

ವರದಿಯನ್ನು ಲಗತ್ತಿಸದೆ, ಟಿಪ್ಪಣಿಯಿಂದ ಉದಾಹರಣೆಯನ್ನು ತೆಗೆದುಬಿಟ್ಟಿದ್ದರೆ ಮುಗಿಯುತ್ತಿತ್ತು. ಹಾಗೆ ಯೋಚಿಸಿದ್ದೂ ಹೌದು. ಆದರೆ ಸುಮ್ಮನೆ ಕೂರಲಾಗದ ಸ್ವಭಾವ. ಮುಂದಿನ ಶನಿವಾರ ಪುತ್ತೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಗುತ್ತಿಗಾರಿಗೆ ಹೋದೆ.

ಕೇಂದ್ರ ಇನ್ನೂ ಇತ್ತು. ಬಣ್ಣ ಬೇರೆ. ಮೆಕ್ಯಾನಿಕ್ಕೂ ಇದ್ದರು, ಕೆಲವು ತಿಂಗಳ ಅಮಾನತಿನ ನಂತರ ಬೇರೆ ಯಾರಿಗೂ ಕೆಲಸ ಬಾರದು ಎಂದು ಅವರನ್ನೇ ವಾಪಸು ಕರೆದಿದ್ದರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವರಿಗೆ ಅರ್ಧ ನಿಮಿಷ ಸಾಕಾಯಿತು.

"ಮಗುಚಿ ಓದಿದವರು," ಎಂದರು. ಕುರ್ಚಿ ಒರೆಸಿ ಕೊಟ್ಟರು.

ನಾನು ಕಡತದಲ್ಲಿ ಕಂಡದ್ದನ್ನು ಹೇಳಿದೆ. ಎಂಟು ದಿನ ಕೊಟ್ಟಿದ್ದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ ಎಂಬುದನ್ನೂ ಹೇಳಿದೆ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನೀವು ಆಯಿತು ಎಂದದ್ದು ಹೌದು, ನನಗೆ ಸರಿ ನೆನಪುಂಟು ಎಂದರು. ಅದಕ್ಕೇ ಭಾಗಗಳನ್ನು ತರಲು ಅವರು ಪುತ್ತೂರಿಗೆ ಹೋಗಿದ್ದರು. ವಾಪಸು ಬರುವಾಗ ಕಂಪನಿಯ ಆಜ್ಞೆ ಬಂದು ಕೂತಿತ್ತು. ಎರಡು ದಿನದಲ್ಲಿ ರಿಪೇರಿ ಮುಗಿಯುವಂತಿರಲಿಲ್ಲ, ನಾಲ್ಕು ಮನೆಗಳಿಂದ ಪೆಟ್ಟಿಗೆ ಬಿಚ್ಚಿ ತಂದರು. ಅದರಲ್ಲಿ ಒಂದು ಮನೆಗೆ ಆ ವಾರವೇ ಆನೆ ನುಗ್ಗಿತು. ಕೊಲ್ಲಮೊಗ್ರಿಗೂ ಹೋಗಿದ್ದರಂತೆ. ಆ ಹೆಂಗಸು ಈ ಸಲ ಅಡ್ಡ ನಿಲ್ಲಲಿಲ್ಲ, ಬಿಚ್ಚಲು ಸ್ಕ್ರೂಡ್ರೈವರ್ ಬೇಕಾ ಎಂದು ಕೇಳಿದರಂತೆ. ಇವರಿಗೆ ಬಿಚ್ಚಲು ಮನಸ್ಸಾಗಲಿಲ್ಲ. ಗೊನೆ ಕಡಿದ ಮೇಲೆ ತರುತ್ತೇನೆ ಎಂದು ಆಫೀಸಿಗೆ ಬರೆದರು. ಆಫೀಸು ಅದನ್ನು ನಿರಾಕರಣೆ ಎಂದು ಓದಿತು.

ಅಮಾನತು ಅವರಿಗೆ ಈಗ ದೊಡ್ಡ ವಿಷಯವಲ್ಲ. ಸೇವಾ ಪುಸ್ತಕದಲ್ಲಿ ಉಳಿದ ಒಂದು ಸಾಲು ದೊಡ್ಡ ವಿಷಯ. ಕಂಪನಿಯ ಸ್ವತ್ತನ್ನು ಖಾಸಗಿಯವರಿಗೆ ವಿಲೇವಾರಿ ಮಾಡಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ತೆಗೆಸಲು ಹಲವು ಸಲ ಅರ್ಜಿ ಕೊಟ್ಟಿದ್ದರು. ಇಲಾಖೆಯ ತಪಾಸಣಾ ವರದಿಯ ಆಧಾರದಲ್ಲಿ ಬರೆದದ್ದು, ಇಲಾಖೆಯೇ ಹೇಳಿದರೆ ತೆಗೆಯುತ್ತೇವೆ ಎಂದು ಕಂಪನಿಯ ಉತ್ತರ. ಇಲಾಖೆಗೆ ಬರೆದರೆ, ಅದು ಕಂಪನಿಯ ಆಂತರಿಕ ವಿಷಯ ಎಂದು ಉತ್ತರ. ಅವರು ನಿವೃತ್ತರಾಗಲು ಐದು ತಿಂಗಳಿತ್ತು. ಆಮೇಲೆ ಆ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ, ಸಾಲು ಅಲ್ಲೇ ಉಳಿಯುತ್ತದೆ.

ಊರಿನಲ್ಲಿ ಎಲ್ಲರಿಗೂ ನಡೆದದ್ದು ಗೊತ್ತಲ್ಲ ಎಂದು ನಾನು ಸಮಾಧಾನದ ಮಾತು ಹೇಳಿದೆ.

"ಊರಿಗೆ ಗೊತ್ತುಂಟು ಸರ್. ಪುಸ್ತಕದಲ್ಲಿ ನಾನು ಕಳ್ಳ."

ನನ್ನಿಂದ ಅವರಿಗೆ ಬೇಕಾದದ್ದು ಒಂದು ಪತ್ರ. ತಪಾಸಣೆಯ ದಿನವೇ ಪೆಟ್ಟಿಗೆಗಳ ಪುಸ್ತಕವನ್ನು ನನಗೆ ತೋರಿಸಿದ್ದರು, ಏನೂ ಮುಚ್ಚಿಟ್ಟಿರಲಿಲ್ಲ ಎಂದು ನಾನು ಬರೆದುಕೊಟ್ಟರೆ ಸಾಕು. ಪುಸ್ತಕ ಈಗ ಇಲ್ಲ. ವಿಚಾರಣೆಗೆ ಕೊಟ್ಟದ್ದು ವಾಪಸು ಬರಲಿಲ್ಲ. ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ನೀಲಿ ರಟ್ಟಿನ ಶಾಲೆಯ ನೋಟುಪುಸ್ತಕ, ಅಂಚುಗಳಲ್ಲಿ ಗ್ರೀಸು. ಸ್ಪಷ್ಟವಾಗಿ ಕಂಡಿತು. ಆದರೆ ಎಂಟು ದಿನ ಕಾದದ್ದೂ ನನಗೆ ಅಷ್ಟೇ ಸ್ಪಷ್ಟವಾಗಿ ಕಂಡಿತ್ತು.

ಪುಸ್ತಕ ಯಾವ ಬಣ್ಣದ್ದು ಎಂದು ಕೇಳಿದೆ.

"ಕೆಂಪು," ಎಂದರು. ಮತ್ತೆ, "ಒಂದು ಮುಗಿದ ಮೇಲೆ ಇನ್ನೊಂದು ತರ್ತಿದ್ದೆ. ನೀಲಿಯೂ ಇದ್ದಿರ್ಬಹುದು."

"ನನಗೆ ತೋರಿಸಿದ್ದು ನಿಮಗೆ ಖಂಡಿತ ನೆನಪುಂಟಾ?"

"ತೋರಿಸದೆ ಇರ್ತೇನಾ?" ಎಂದರು. ಅದು ಹೌದು ಎಂಬ ಉತ್ತರವಲ್ಲ ಎಂದು ಅವರಿಗೂ ಗೊತ್ತಾಯಿತು. ಪಕ್ಕದ ಅಂಗಡಿಗೆ ಹೋಗಿ ಹಾಜಿಯವರನ್ನು ಕರೆದುಕೊಂಡು ಬಂದರು. ಅವರು ಬಾಗಿಲಲ್ಲಿ ಇದ್ದರಲ್ಲ, ನೋಡಿಯೇ ಇರುತ್ತಾರೆ ಎಂದು ನಾನೇ ಹೇಳಿದ್ದೆ.

ಹಾಜಿಯವರಿಗೆ ಈಗ ಮಂಡಿನೋವು, ಕೂತೇ ಮಾತಾಡಿದರು. "ನೋಡಿದ್ದೆ ಅಂತ ಬರೀಲಿಕ್ಕೆ ನನಗೇನು ಕಷ್ಟ? ಗೌಡ್ರಿಗೆ ಬೇಕಾಗಿ ಬರೀತೇನೆ. ಆದ್ರೆ ಅವತ್ತು ನಾನು ಇಲ್ಲಿ ಇರ್ಲಿಲ್ಲ. ತಮ್ಮನನ್ನು ವಿಮಾನ ಹತ್ತಿಸ್ಲಿಕ್ಕೆ ಮಂಗಳೂರಿಗೆ ಹೋಗಿದ್ದೆ. ನಾನು ಇದ್ದಿದ್ರೆ ನಿಮಗೆ ಮಗುಚ್ಲಿಕ್ಕೆ ಬಿಡ್ತಿದ್ನಾ?"

ನಾನು ಅವರು ಅವತ್ತು ಹೇಳಿದ ಮಾತನ್ನು ಅವರಿಗೇ ಹೇಳಿದೆ: ಬಂದವರು ಎಣಿಸಿ ಹೋದರು, ಇವರು ಮಗುಚಿ ಓದುತ್ತಾರೆ.

ಹಾಜಿಯವರು ಯೋಚಿಸಿದರು. "ನಾನು ಹೇಳಿದ್ದಲ್ಲ ಅದು. ಒಳ್ಳೆ ಮಾತು. ಇರ್ಲಿ, ನನ್ನ ಲೆಕ್ಕಕ್ಕೇ ಇರ್ಲಿ."

ಮೆಕ್ಯಾನಿಕ್ಕಿಗೂ ನಗು ಬಂತು. ಹಾಗಾದರೆ ಆ ಮಾತು ಯಾರದ್ದು? ಬಹುಶಃ ಕ್ಯಾಂಟೀನಿನಲ್ಲಿ ಕಥೆ ಹೇಳುತ್ತಾ ಹೇಳುತ್ತಾ ನಾನೇ ಕಟ್ಟಿ, ಒಪ್ಪುವ ಬಾಯಿಯೊಂದನ್ನು ಹುಡುಕಿ ಹಾಕಿದ್ದು.

ನಾನು ಪತ್ರ ಬರೆಯಲಿಲ್ಲ. ಪುಸ್ತಕ ನೋಡಿದ್ದೆ ಎಂದು ಬರೆಯುವುದು ಬಹಳ ಸುಲಭವಿತ್ತು, ಬರೆದಿದ್ದರೆ ಯಾರಿಗೂ ನಷ್ಟವಿಲ್ಲ, ಒಬ್ಬರಿಗೆ ನ್ಯಾಯ. ಆದರೆ ಇದೇ ಮನುಷ್ಯನ ವಿಷಯದಲ್ಲಿ ನನ್ನ ಒಂದು ಕಾಗದ ಸಾಕಷ್ಟು ಮಾಡಿತ್ತು. ಎರಡನೆಯದು ನಾನು ಖಚಿತವಾಗಿ ಹೇಳಲಾಗದ್ದನ್ನು ಹೇಳಿದರೆ, ಯಾರಾದರೂ ಬಣ್ಣ ಕೇಳಿದ ಕೂಡಲೇ ಅದು ಬಿದ್ದುಹೋಗುತ್ತದೆ, ಜೊತೆಗೆ ಅವರೂ. ಇದನ್ನು ಅವರಿಗೆ ವಿವರಿಸಿದೆ. ಅರ್ಥವಾಯಿತು ಎಂದರು, ಆದರೆ ಮುಖ ನೋಡಿದರೆ, ದೊಡ್ಡ ಓದು ಓದಿದವರು ಬರೆಯದೇ ಇರಲು ಹುಡುಕುವ ಕಾರಣ ಎಂದು ಅವರಿಗೆ ಅನಿಸಿದಂತಿತ್ತು. ಹಾಗೆ ಅನಿಸಿದ್ದರೆ ತಪ್ಪಲ್ಲ. ಮೊದಲ ಸಲವೂ ನಾನು ಆಯಿತು ಎಂದೇ ಹೋದವನು.

ಬಸ್ಸಿಗೆ ಕಾಯುವಾಗ ಅವರು ಬಂದು ಪಕ್ಕದಲ್ಲಿ ನಿಂತರು.

"ಪುಸ್ತಕ ಬಿಡಿ. ಕೊಲ್ಲಮೊಗ್ರಿಗೆ ನನ್ನ ಬೈಕಿನಲ್ಲಿ ಬಂದದ್ದು ನೆನಪುಂಟಾ?"

"ಉಂಟು. ಆದರೆ ನನ್ನ ನೆನಪು..."

"ನಿಮ್ಮ ನೆನಪಿನ ಸುದ್ದಿ ಸಾಕು ಮಾರಾಯ್ರೆ. ಆಫೀಸಿನವರು ಎಲ್ಲಿಗೆ ಹೋದರೂ ಬರೆದು ಕೊಡ್ಲಿಕ್ಕೆ ಇಲ್ವಾ? ನಮಗೆ ಸುಬ್ರಹ್ಮಣ್ಯಕ್ಕೆ ಹೋದ್ರೂ ಬರೀಬೇಕು."

ಅವರು ಸರ್ ಬಿಟ್ಟು ನನ್ನನ್ನು ಮಾರಾಯ್ರೆ ಎಂದದ್ದು ಅದೇ ಮೊದಲು. ಅವರು ಹೇಳಿದ್ದು ಪ್ರವಾಸದ ದಿನಚರಿಯ ಬಗ್ಗೆ. ಹೊರಗೆ ಹೋದ ಅಧಿಕಾರಿ ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಯಾವ ಕೆಲಸಕ್ಕೆ ಎಂದು ಬರೆದುಕೊಡಬೇಕು. ಇತಿಹಾಸ ಓದಿದ ನನಗೆ ಅದು ಹೊಳೆಯಲಿಲ್ಲ.

ದಿನಚರಿ ಕಡತದಲ್ಲಿ ಇರಲಿಲ್ಲ. ಭತ್ಯೆಯ ಬಿಲ್ಲಿನ ಜೊತೆ ಬೇರೆ ಶಾಖೆಗೆ ಹೋಗಿ, ಅಲ್ಲಿಂದ ನೆಲಮಹಡಿಯ ದಾಖಲೆ ಕೋಣೆಗೆ ಇಳಿದಿತ್ತು. ಸಿಗಲು ಮೂರು ವಾರವಾಯಿತು. ನನ್ನದೇ ಕೈಬರಹ. ತಪಾಸಣೆಯ ದಿನ ಮಧ್ಯಾಹ್ನದ ಮುಂದೆ ಒಂದು ಸಾಲು: ಗುತ್ತಿಗಾರಿನಿಂದ ಕೊಲ್ಲಮೊಗ್ರು, ಮೆಕ್ಯಾನಿಕ್ ಅವರ ದ್ವಿಚಕ್ರ ವಾಹನದಲ್ಲಿ, ಘಟಕದ ಸ್ಥಳ ಪರಿಶೀಲನೆ. ಘಟಕದ ನಂಬ್ರವನ್ನೂ ಬರೆದಿದ್ದೆ. ಅದು ವರದಿಯಲ್ಲಿ ನಾನು 'ಇಲ್ಲ' ಎಂದು ಬರೆದ ಐದು ನಂಬ್ರಗಳಲ್ಲಿ ಒಂದು.

ಇದಕ್ಕೆ ನೆನಪು ಬೇಕಾಗಿರಲಿಲ್ಲ. ಆ ಪೆಟ್ಟಿಗೆ ಎಲ್ಲಿದೆ ಎಂದು ಮೆಕ್ಯಾನಿಕ್ ಹೇಳದೆ ನಾನು ಅಲ್ಲಿಗೆ ಹೋಗಲು ಸಾಧ್ಯವಿಲ್ಲ. ಹೇಳಿದ್ದಲ್ಲದೆ ಕರೆದೊಯ್ದಿದ್ದಾರೆ. ಕದ್ದವನು ಕದ್ದ ಮಾಲಿನ ಹತ್ತಿರ ತಪಾಸಣೆಯವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವುದಿಲ್ಲ. ಅವರ ಮಾತು ನಿಜ ಎಂದು ನೋಡಿಕೊಂಡು ಬಂದ ಮೂರನೆಯ ದಿನ ನಾನು ಅದನ್ನು ಬಿಟ್ಟು ವರದಿ ಬರೆದಿದ್ದೆ. ಯಾಕೆ ಬಿಟ್ಟೆ ಎಂದು ದಿನಚರಿಯಲ್ಲಿ ಬರೆದಿಲ್ಲ. ನನ್ನ ಊಹೆ ಇಷ್ಟು: ಬೇರೆ ಯಾರೂ ಮಾಡದ ಕೆಲಸ ನಾನು ಮಾಡಿದ್ದೆ, ನಂಬ್ರ ಓದಿದ್ದೆ, ಐದು ತಪ್ಪು ಹಿಡಿದಿದ್ದೆ. ಆನೆಯನ್ನೂ ಸಿಡಿಲನ್ನೂ ಸೇರಿಸಿದರೆ ಅದು ಹಿಡಿದದ್ದೇ ಅಲ್ಲ ಎಂದಾಗುತ್ತಿತ್ತು.

ಕಂಪನಿಗೆ ಹೋಗಬೇಕಾದ ಪತ್ರವನ್ನು ಅರ್ಧ ಪುಟದಲ್ಲಿ ಬರೆದೆ. ಪುಸ್ತಕದ ವಿಷಯ ಹಾಕಲಿಲ್ಲ. ತಪಾಸಣೆಯ ದಿನವೇ ನೌಕರರು ಪೆಟ್ಟಿಗೆಗಳಿರುವ ಜಾಗ ತಿಳಿಸಿ ಒಂದನ್ನು ಖುದ್ದಾಗಿ ತೋರಿಸಿದ್ದರು, ವರದಿ ಬರೆದ ನಾನು ಇದನ್ನು ತಿಳಿದೂ ನಮೂದಿಸಲಿಲ್ಲ, ಆ ವರದಿಯ ಆಧಾರದ ಮೇಲೆ ಮಾಡಿದ ನಮೂದು ನಿಲ್ಲತಕ್ಕದ್ದಲ್ಲ. ಜೊತೆಗೆ ದಿನಚರಿಯ ಪ್ರತಿ.

ಮೇಲಧಿಕಾರಿ ಎರಡು ಸಲ ಓದಿದರು. "'ತಿಳಿದೂ' ಬೇಕಾ?" ಎಂದು ಕೇಳಿದರು. "ಕಣ್ತಪ್ಪಿನಿಂದ ಎಂದು ಬರೆಯಬಹುದು. ಇದು ಹೀಗೇ ಹೋದರೆ ನಿಮ್ಮ ಮೇಲೂ ಒಂದು ಕಾಗದ ಏಳುತ್ತದೆ."

ಕಣ್ತಪ್ಪು ಎಂದರೆ ಕಂಪನಿಗೆ ಮತ್ತೆ ವಿವರಣೆ ಕೇಳಲು ಜಾಗ ಸಿಗುತ್ತದೆ, ಅಷ್ಟರಲ್ಲಿ ಮೆಕ್ಯಾನಿಕ್ ನಿವೃತ್ತರಾಗಿರುತ್ತಾರೆ ಎಂದೆ. ಅವರು ಸಹಿ ಮಾಡಿದರು. ಕಾಗದ ಎದ್ದಿತು, ಸತ್ಯಾಂಶ ಮರೆಮಾಚಿದ್ದಕ್ಕೆ ವಿವರಣೆ ಕೊಡುವಂತೆ ನನಗೆ ಮೆಮೊ ಬಂದಿದೆ. ಕೊಟ್ಟಿದ್ದೇನೆ. ಅದರ ಫಲ ಏನಾಗುತ್ತದೋ ಗೊತ್ತಿಲ್ಲ, ಸ್ವಲ್ಪ ಭಯವಿದೆ.

ಟಿಪ್ಪಣಿಯನ್ನೂ ತಿದ್ದಿದೆ. ಮೊದಲಿನ ಅಭಿಪ್ರಾಯಗಳಲ್ಲಿ ಅರ್ಧ ತೆಗೆದೆ, ಅವು ಬೇರೆಯವರ ತಪ್ಪುಗಳ ಬಗ್ಗೆ ಇದ್ದವು. ಸಣ್ಣ ರಿಪೇರಿಗೆ ಕೇಂದ್ರಕ್ಕೇ ಅಧಿಕಾರ, ಮಂಡಳಿಯ ಸದಸ್ಯರನ್ನು ಕೆಲವು ವರ್ಷವಾದರೂ ಬದಲಿಸದಿರುವುದು, ಇವು ಉಳಿದವು. ಹೊಸದಾಗಿ ಸೇರಿಸಿದ್ದು ಒಂದು. ತಪಾಸಣೆಯವನು ಆಕ್ಷೇಪ ಬರೆಯುವ ಹಾಳೆಯ ಇನ್ನರ್ಧದಲ್ಲಿ ಕೇಂದ್ರದವರು ತಮ್ಮ ಕೈಯಲ್ಲೇ ಉತ್ತರ ಬರೆಯಬೇಕು, ಅದಿಲ್ಲದ ವರದಿಯನ್ನು ಇಲಾಖೆ ತೆಗೆದುಕೊಳ್ಳಬಾರದು. ನಮೂನೆಯ ಒಂದು ಪ್ರತಿಯನ್ನೂ ಗೆರೆ ಎಳೆದು ಜೊತೆಗಿಟ್ಟೆ. ಬೇರೆಯದೆಲ್ಲ ಪರಿಶೀಲನೆಯಲ್ಲಿದೆ, ನಮೂನೆ ಮಾತ್ರ ಒಪ್ಪಿಗೆಯಾಗಿದೆ. ಅದಕ್ಕೆ ಖರ್ಚಿಲ್ಲ.

ಕಳೆದ ವಾರ ಮೆಕ್ಯಾನಿಕ್ ಫೋನ್ ಮಾಡಿದರು. ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು. ಪುತ್ತೂರಿನ ಆಫೀಸಿಗೆ ಕರೆಸಿ ಸೇವಾ ಪುಸ್ತಕ ತೋರಿಸಿದರಂತೆ.

"ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದಾರೆ ಸರ್. ಪಕ್ಕದಲ್ಲಿ ಆದೇಶದ ನಂಬ್ರ, ಸಹಿ, ಎಲ್ಲ ಉಂಟು."

ಒಳ್ಳೆಯದಾಯಿತು ಎಂದೆ.

"ಗೀಟಿನ ಅಡಿಯಲ್ಲಿ ಇದ್ದದ್ದು ಈಗಲೂ ಓದ್ಲಿಕ್ಕೆ ಆಗ್ತದೆ. ನಾನು ಕೇಳಿದೆ, ಇನ್ನು ಸ್ವಲ್ಪ ದಪ್ಪ ಹಾಕ್ಲಿಕ್ಕೆ ಆಗುದಿಲ್ವಾ ಅಂತ. ನಿಯಮ ಹಾಗೇ ಅಂತೆ, ಅಳಿಸ್ಲಿಕ್ಕೆ ಇಲ್ಲ, ಓದ್ಲಿಕ್ಕೆ ಆಗ್ಬೇಕು ಅಂತೆ. ಹೌದಾ ಸರ್?"

ಹೌದು, ನಿಯಮ ಹಾಗೆಯೇ ಇದೆ ಎಂದು ಹೇಳಿದೆ.

"ಹಾಗಾದ್ರೆ ಸರಿ," ಎಂದು ಫೋನ್ ಇಟ್ಟರು.